ಕುಚ್ಚು ಕಟ್ಟುವ ಹೆಬ್ಬೆರಳು

ಕಗ್ಗದಾಸಪುರದ ಆ ಮನೆಯಲ್ಲಿ ವಾರಗಿತ್ತಿಯರಿಬ್ಬರೂ ಸೀರೆಗೆ ಕುಚ್ಚು ಕಟ್ಟುತ್ತಾರೆ. ದೊಡ್ಡವಳು ಯಮುನಾ ಕೆಳಮನೆಯಲ್ಲಿ, ಚಿಕ್ಕವಳು ಪೂಜಿತಾ ಮಹಡಿಯಲ್ಲಿ. ಎರಡು ತಿಂಗಳಿಂದ ಯಮುನಾಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ದಾರ ಹೊಸೆದರೆ ಮಣಿಕಟ್ಟಿನವರೆಗೂ ಚಳುಕು.

ಹೋದ ವರ್ಷ ಪೂಜಿತಾಗೂ ಇದೇ ಆಗಿ ವಾಸಿಯಾಗಿತ್ತು. ಅವಳಿಗೆ ಕೊಟ್ಟ ಇಂಜೆಕ್ಷನ್ ಮಾತ್ರ ಯಮುನಾಗೆ ನೆನಪಿತ್ತು. ಪೂಜಿತಾ ಕೆಳಗಿಳಿದು ಬಂದು, ಕೆಲಸ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸು ಎಂದಳು. ಯಮುನಾಳ ಬೀರುವಿನಲ್ಲಿ ಬಾಣಸವಾಡಿಯ ಮದುವೆಮನೆಯವರ ಆರು ರೇಷ್ಮೆ ಸೀರೆಗಳಿದ್ದವು.

“ನಾನು ಕೈಕಟ್ಟಿ ಕೂತ್ರೆ ಆ ಸೀರೆ ಎಲ್ಲಿಗೆ ಹೋಗುತ್ತೆ ಅಂತ ನಂಗೊತ್ತು,” ಎಂದು ಯಮುನಾ ಅತ್ತೆ ಚಿಕ್ಕಮುನಿಯಮ್ಮನ ಮುಂದೆ ಹೇಳಿದಳು.

ಪೂಜಿತಾ ಹೋದ ಆಸ್ಪತ್ರೆಗೆ ಹೋಗಬಾರದೆಂದೇ ಮೂಳೆ ಕೂರಿಸುವವನ ಬಳಿ ಹೋದಳು. ಅವನು ಎಣ್ಣೆ ಹಚ್ಚಿ, ಬೆರಳು ಎಳೆದು, ಬಿಗಿಯಾಗಿ ಕಟ್ಟು ಹಾಕಿದ. ಆ ಕೈಯಲ್ಲೇ ಎರಡು ಸೀರೆ ಮುಗಿಸಿದಳು. ಮೂರನೆಯ ದಿನ ಕೈ ಊದಿ ಕಾಫಿ ಲೋಟ ಎತ್ತಲಾಗಲಿಲ್ಲ. ಅತ್ತೆ ಆಟೋ ಕರೆಸಿ, ಪೂಜಿತಾಳನ್ನು ಜೊತೆಗೆ ಕೂರಿಸಿ ಅದೇ ಆಸ್ಪತ್ರೆಗೆ ಕಳಿಸಿದಳು.

ಡಾಕ್ಟರ್ ಅವಳ ಹೆಬ್ಬೆರಳನ್ನು ಅವಳದೇ ಮುಷ್ಟಿಯೊಳಗಿಟ್ಟು ಮಣಿಕಟ್ಟು ಬಾಗಿಸಿದರು. ಯಮುನಾಗೆ ಕಣ್ಣಲ್ಲಿ ನೀರು ಬಂತು. ಮೂಳೆಗೆ ಏನೂ ಆಗಿಲ್ಲ, ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನಾರಿನ ಹೊದಿಕೆ ಊದಿಕೊಂಡಿದೆ ಎಂದರು. ಎಳೆಸಿದ್ದು ತಪ್ಪು, ನಿಲ್ಲಿಸದೆ ದುಡಿದದ್ದು ಇನ್ನೂ ತಪ್ಪು. ರಕ್ತ ಪರೀಕ್ಷೆ ಮಾಡಿಸಿ, ಹೆಬ್ಬೆರಳು ಅಲುಗದಂಥ ಪಟ್ಟಿ, ವಿಶ್ರಾಂತಿ, ಮಾತ್ರೆ, ಆಮೇಲೆ ಫಿಸಿಯೋಥೆರಪಿ ಎಂದು ಬರೆದರು.

“ಅವಳಿಗೆ ಇಂಜೆಕ್ಷನ್ ಕೊಟ್ರಿ. ನಂಗೆ ಬರೀ ಪಟ್ಟಿನಾ?” ಎಂದಳು ಯಮುನಾ.

“ನಿಮಗೆ ಶುಗರ್ ಜಾಸ್ತಿ ಇದೆಯಮ್ಮ. ಈ ಇಂಜೆಕ್ಷನ್‌ಗೆ ಇನ್ನೂ ಏರುತ್ತೆ. ಮೊದಲು ಅದು ಇಳೀಲಿ. ಪಟ್ಟಿಯಲ್ಲಿ ವಾಸಿಯಾಗದಿದ್ರೆ ಆಮೇಲೆ ಕೊಡೋಣ. ಅದಕ್ಕೂ ಬಗ್ಗದಿದ್ರೆ ಮಾತ್ರ ಚಿಕ್ಕ ಆಪರೇಷನ್.”

“ನಾನೂ ಮೊದಲು ಆರು ವಾರ ಪಟ್ಟಿ ಹಾಕ್ಕೊಂಡಿದ್ದೆ ಅಕ್ಕ,” ಎಂದಳು ಪೂಜಿತಾ. “ಆಗ ನನ್ನ ಗಿರಾಕಿಗಳೆಲ್ಲ ನಿನ್ನ ಹತ್ರಾನೇ ಬಂದ್ರಲ್ಲ.”

ಮನೆಗೆ ಬಂದ ಯಮುನಾ ಉಳಿದ ನಾಲ್ಕು ಸೀರೆಗಳನ್ನು ತಾನೇ ಮಹಡಿಗೆ ಕೊಟ್ಟು ಬಂದಳು. ಹೊಟ್ಟೆಕಿಚ್ಚೇನೂ ಹೋಗಲಿಲ್ಲ, ಪೂಜಿತಾ ಮಹಡಿ ಮೆಟ್ಟಿಲ ಮೇಲೆ ಕೂತು ಕಟ್ಟುವುದನ್ನು ನೋಡಲಾರದೆ ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆದರೆ ಪಟ್ಟಿ ಬಿಚ್ಚಲಿಲ್ಲ. ಐದನೆಯ ವಾರ ನೋವಿಲ್ಲದೆ ತನ್ನ ಜಡೆ ತಾನೇ ಹೆಣೆದುಕೊಂಡಳು.

ಅಕ್ಕತಂಗಿಯರೇ, ಕೈಕಾಲಿನ ಕೀಲಿನ ಬಳಿ ನೋವು ಎರಡು ವಾರ ಬಿಡದಿದ್ದರೆ ಎಳೆಸಬೇಡಿ, ಉಜ್ಜಿಸಬೇಡಿ, ಆಸ್ಪತ್ರೆಗೆ ಹೋಗಿ. ಪಟ್ಟನೆ ಏನೋ ಹರಿದಂತಾದರೆ, ಗಾಯವಾದ ಬೆರಳು ಮಡಚಲು ಬಾರದಿದ್ದರೆ ಅದೇ ದಿನ ಹೋಗಿ. ತಡವಾದರೆ ಹರಿದ ನಾರನ್ನು ಹೊಲಿದು ಕೂಡಿಸುವುದು ಕಷ್ಟ. ಪಕ್ಕದವಳಿಗೆ ಏನು ಕೊಟ್ಟರೆಂದು ಲೆಕ್ಕ ಹಾಕುತ್ತಾ ಕೂರಬೇಡಿ. ನೋಯುತ್ತಿರುವುದು ನಿಮ್ಮ ಕೈ.