ಸದ್ದಿಲ್ಲದವರ ಸರದಿ

ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಆರು ಜನ, ಹೊತ್ತವರು ಐದೇ. ಆರನೆಯವನಾದ ಚಿಕ್ಕಪ್ಪ ಅಳುವುದರಲ್ಲೇ ಪೂರ್ತಿ ತೊಡಗಿದ್ದ. ಆ ಅಳುವಿಗೆ ಮೂರು ಬೀದಿಯ ಕಾಗೆಗಳು ಊರು ಬಿಟ್ಟವು, ನಾಲ್ಕನೆಯ ಬೀದಿಯ ಕಿವುಡಜ್ಜಿ ಕಿಟಕಿ ಮುಚ್ಚಿದಳು. ಸುಳ್ಳೆನಿಸಿದರೆ ಕಾಗೆಗಳನ್ನೇ ಕೇಳಿ.

"ಅತ್ತಿಗೇ, ನಮ್ಮನ್ನ ಬಿಟ್ಟು ಹೋದ್ರಲ್ಲಾ!" ಎನ್ನುತ್ತ ಹೊಸ್ತಿಲಿಗೆ ಎಡವಿ ಬಿದ್ದ. ಮೊಣಕಾಲು ತರಚಿತು. ಉಳಿದವರು ವಾಲಿದ ಪೆಟ್ಟಿಗೆಯನ್ನು ಹೇಗೋ ಹಿಂದಕ್ಕೆ ತಂದು ಮೇಜಿನ ಮೇಲಿಟ್ಟರು.

"ಅಯ್ಯೋ ಸತ್ತೆ! ಕಾಲು ಹೋಯ್ತು!"

ಇಡೀ ಮನೆ ಅವನ ಮೇಲೆ ಮುಗಿಬಿತ್ತು. "ಎಲ್ಲಿ ನಮ್ಮ ನರ್ಸು? ಕರೀರೋ ಅವಳನ್ನ!" ಎಂದ ಸೋದರಮಾವ.

ನರ್ಸೆಂದರೆ ತೀರಿಕೊಂಡವಳ ಮಗಳು. ಅಮ್ಮನ ಕೆಲಸವನ್ನೇ ಈ ವರ್ಷ ಹಿಡಿದವಳು. ಔಷಧಿ ಡಬ್ಬ ಹಿಡಿದು ಓಡಿಬಂದವಳು ನಡುಮನೆಯಲ್ಲಿ ಗಕ್ಕನೆ ನಿಂತಳು. ಮೂಲೆಯ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ಸುಮ್ಮನೆ.

*

ಅಮ್ಮನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಮೇಜರಮ್ಮ ಎನ್ನುತ್ತಿದ್ದರು. ಅವಳು ವಾರ್ಡಿಗೆ ಕಾಲಿಟ್ಟರೆ ಜ್ವರಗಳೇ ಎದ್ದು ನಿಂತು, ಸಲಾಮು ಹೊಡೆದು, ಒಂದು ಡಿಗ್ರಿ ಇಳಿಯುತ್ತಿದ್ದವು. ಒಮ್ಮೆ ಕೈ ಮುರಿದ ಪೈಲ್ವಾನನೊಬ್ಬ ಸೂರು ಹಾರುವಂತೆ ಅರಚುತ್ತಿದ್ದಾಗ, ಅವನನ್ನು ದಾಟಿ ಮುದುಕ ದರ್ಜಿಯ ಮಂಚಕ್ಕೆ ಹೋದಳು. ಅಂದು ಬೆಳಿಗ್ಗೆಯಷ್ಟೇ ಅವನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು.

"ನಂಗೇನಿಲ್ಲಮ್ಮ, ಪಾಪ, ಅವ್ರನ್ನ ನೋಡಿ," ಎಂದ ದರ್ಜಿ.

ಕೈ ತಣ್ಣಗಿತ್ತು. ನಾಡಿ ಓಡುತ್ತಿತ್ತು. ಹೊದಿಕೆ ಎತ್ತಿದರೆ ಹಾಸಿಗೆ ರಕ್ತದಲ್ಲಿ ತೊಯ್ದಿತ್ತು. ದರ್ಜಿ ಬದುಕಿಕೊಂಡ. ಪೈಲ್ವಾನ ದೂರು ಕೊಟ್ಟ.

"ಬೇಜಾರಾಗಲ್ವೇನಮ್ಮ?" ಎಂದಿದ್ದಳು ಮಗಳು.

"ಅರಚೋಕೆ ಉಸಿರು ಬೇಕು ಕಣೇ. ಉಸಿರಿರೋನು ಬೈತಾನೆ, ಕಾಯ್ತಾನೆ. ಸುಮ್ನಿರೋನನ್ನ ಮೊದ್ಲು ಮುಟ್ಟಿ ನೋಡು. ಆಮೇಲೆ ಹೋಗಿ ಬೈಸ್ಕೊಂಡ್ರಾಯ್ತು."

*

ಮಗಳು ಅಪ್ಪನನ್ನು ಮುಟ್ಟಿದಳು. ಚಳಿಯ ಬೆಳಿಗ್ಗೆ, ಆದರೂ ಅಂಗಿ ಬೆವರಿನಿಂದ ಒದ್ದೆ. ಬೆರಳುಗಳು ನಡುಗುತ್ತಿದ್ದವು.

"ಅಪ್ಪಾ, ಇನ್ಸುಲಿನ್ ಚುಚ್ಕೊಂಡ್ಯಾ?"

"ಹೂಂ... ತಪ್ಪಿಸಿದ್ರೆ ನಿಮ್ಮಮ್ಮ ಬಿಡ್ತಾಳಾ?" ನಾಲಿಗೆ ತೊದಲುತ್ತಿತ್ತು.

"ಏನಾದ್ರೂ ತಿಂದ್ಯಾ?"

"ಇವತ್ತು ಯಾರು ತಿಂತಾರೆ..."

ಮದುವೆಯಾದಾಗಿನಿಂದ ಸೂಜಿ ಅವನದು, ಹಿಂದೆಯೇ ಬರುವ ಊಟದ ತಟ್ಟೆ ಅಮ್ಮನದು. ಇಂದು ಸೂಜಿಯೊಂದೇ ಬಂದಿತ್ತು.

ಬೆರಳು ಚುಚ್ಚಿ ನೋಡಿದಳು. ರಕ್ತದ ಸಕ್ಕರೆ ಪಾತಾಳ ಕಂಡಿತ್ತು.

"ಗಾಡಿ ಕಾಯ್ತಿದೆಯಲ್ಲಮ್ಮ," ಸೋದರಮಾವ ಗೊಣಗಿದ.

"ಕಾಯ್ಲಿ ಮಾವ. ಅಮ್ಮಂಗೆ ಈಗ ಅವಸರ ಇಲ್ಲ."

"ನಾನಿಲ್ಲಿ ಸಾಯ್ತಿದೀನಿ! ಕರುಣೆ ಇದ್ಯಾ ಯಾರಿಗಾದ್ರೂ?" ಹೊಸ್ತಿಲಿನಿಂದ ಚಿಕ್ಕಪ್ಪ.

"ಹಂಗೇ ಬೈತಾ ಇರಿ ಚಿಕ್ಕಪ್ಪ. ನಿಲ್ಲಿಸಿದ್ರೆ ಓಡಿ ಬರ್ತೀನಿ!"

ಮೊದಲು ಒಂದೇ ಗುಟುಕು ನೀರು ಕೊಟ್ಟಳು. ಅಪ್ಪ ಕೆಮ್ಮದೆ ನುಂಗಿದ ಮೇಲೆ ಲೋಟದ ತುಂಬ ಸಕ್ಕರೆ ನೀರು. ಆಮೇಲಿನ ಕಾಯುವಿಕೆ ನಾಲ್ಕು ಯುಗ ನಡೆಯಿತು. ಅಷ್ಟರಲ್ಲಿ ಮನೆಮಂದಿಯ ಅರ್ಧ ತಲೆ ನರೆಯಿತು. ಮತ್ತೆ ಬೆರಳು ಚುಚ್ಚಿದಳು. ಅಂಕಿ ಏರಿತ್ತು.

ಅಪ್ಪ ಕಣ್ಣು ಪಿಳುಕಿಸಿ ಸುತ್ತ ನೋಡಿದ. "ಅದ್ಯಾರೇ ಹಂಗೆ ಊಳಿಡೋದು? ನನ್ನ ತಮ್ಮನಾ? ಹೋಗಿ ನೋಡಬಾರ್ದಾ, ಪಾಪ!"

ಮನೆಯಿಡೀ ಬಿಟ್ಟ ನಿಟ್ಟುಸಿರಿಗೆ ಪರದೆಗಳು ಹಾರಿದವು. ಸೋದರಮಾವ ಬ್ರೆಡ್ಡು ತರಲು ಅಡುಗೆಮನೆಗೆ ಓಡಿದ. ಹೊರಗೆ ಚಾಲಕ ಎಂಜಿನ್ ಆರಿಸಿದ.

ಪೆಟ್ಟಿಗೆಯ ಪಕ್ಕದಲ್ಲಿ ಕೂತು ಅಪ್ಪ ಅಗಿಯತೊಡಗಿದ. ಹೊಸ್ತಿಲಲ್ಲಿ ಮಗಳು ಬೈಸಿಕೊಳ್ಳುತ್ತ ಚಿಕ್ಕಪ್ಪನ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಕಣ್ಣು ಮಾತ್ರ ಅಪ್ಪನ ದವಡೆಯ ಮೇಲಿತ್ತು.