ಚಿಕ್ಕ ಚೀಲ ಮೊದಲು

ದೊಡ್ಡಮ್ಮನ ಹಿಟ್ಟಿನ ಗಿರಣಿ ಏಳುವುದು ಬೆಳಿಗ್ಗೆ ಒಂಬತ್ತಕ್ಕೆ. ಮೊದಲು ಮುದುಕರ ಹಾಗೆ ಒಂದು ಕೆಮ್ಮು, ಆಮೇಲೆ ಬೆಲ್ಟಿನ ಪಟಪಟ, ಆಮೇಲೆ ಕೋಣೆಯ ಕಿಟಕಿ ಬಾಗಿಲುಗಳೆಲ್ಲ ಸಣ್ಣಗೆ ನಡುಗತೊಡಗುತ್ತವೆ. ಅಲ್ಲಿಂದ ಸಂಜೆ ಆರರವರೆಗೆ ಆ ಕೋಣೆಯಲ್ಲಿ ಯಾರೂ ಮೆತ್ತಗೆ ಮಾತಾಡುವಂತಿಲ್ಲ. ಗುಟ್ಟು ಹೇಳಬೇಕೆಂದರೂ ಕಿರುಚಿಯೇ ಹೇಳಬೇಕು. ಯಂತ್ರ ಹಳೆಯದು. ಐದು ಕಿಲೋ ಗೋಧಿ ಹಿಟ್ಟಾಗಬೇಕಾದರೆ ಹತ್ತು ನಿಮಿಷ ಬೇಕು. ಹೊಸದು ತರಬಾರದೇ ಎಂದು ಯಾರಾದರೂ ಕೇಳಿದರೆ ದೊಡ್ಡಮ್ಮ, "ಅವಸರ ಇದ್ದೋರು ಹಲ್ಲಲ್ಲೇ ಅಗೀರಿ" ಎನ್ನುತ್ತಿದ್ದಳು.

ದೊಡ್ಡಮ್ಮನ ತಂಗಿಯ ಮಗಳು ಓದಲೆಂದು ಬಂದು ಅವಳ ಮನೆಯಲ್ಲೇ ಇದ್ದಳು. ವಿಶ್ವವಿದ್ಯಾಲಯಕ್ಕೆ ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ತಾಯಿಯ ಹೊಟ್ಟೆಯಲ್ಲೂ ಸರದಿ ಕಾಯದೆ ಏಳನೇ ತಿಂಗಳಿಗೇ ಹೊರಗೆ ಬಂದವಳೆಂದು ಮನೆಮಂದಿ ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದರು. ಹೆಸರಿಗೆ ಅವಳು ಯಾವತ್ತೂ ಮೋಸ ಮಾಡಿರಲಿಲ್ಲ. ಕಂಪ್ಯೂಟರ್ ಪದವಿಯ ಉಳಿದೆಲ್ಲ ವಿಷಯಗಳನ್ನು ಓಡೋಡುತ್ತಲೇ ದಾಟಿದ್ದಳು. ಆಪರೇಟಿಂಗ್ ಸಿಸ್ಟಮ್ ಎಂಬ ಒಂದು ವಿಷಯ ಮಾತ್ರ ಹೊಸ್ತಿಲಿನಂತೆ ಅಡ್ಡ ಮಲಗಿ ಎರಡು ಸಲ ಎಡವಿಸಿತ್ತು.

ಮೊದಲನೆಯ ಸಲ ಪರೀಕ್ಷೆಯಲ್ಲೇ ಬಿದ್ದಳು. ಎರಡನೆಯ ಸಲ ಬಿದ್ದದ್ದು ಅತಿಬುದ್ಧಿಯಿಂದ. ಒಂದು ನಿಜವಾದ ಸಾಲನ್ನು ಹುಡುಕಿ, ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಕಾದರು ಎಂದು ಬರೆದು ತನ್ನಿ ಎಂದಿದ್ದರು ಪ್ರೊಫೆಸರು. ಕಂಪ್ಯೂಟರಿನೊಳಗೂ ನಡೆಯುವುದು ಅದೇ: ಕೆಲಸ ನೂರು, ಮಾಡುವ ಮಿದುಳು ಒಂದೇ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಾಗಿಲಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವ ಯಜಮಾನಿಕೆಯೇ ಆಪರೇಟಿಂಗ್ ಸಿಸ್ಟಮ್‌ದು. ಗಡಿಬಿಡಿಗೆ ಹೊರಗೆ ನಿಂತು ಎಣಿಸುವ ತಾಳ್ಮೆ ಇರಲಿಲ್ಲ. ಮಂಚದ ಮೇಲೆ ಕೂತು ಬಸ್ ನಿಲ್ದಾಣದ ಸಾಲೊಂದನ್ನು ಕಟ್ಟಿದಳು. ಸರಿಯಾಗಿ ಐದು ನಿಮಿಷಕ್ಕೊಬ್ಬ ಪ್ರಯಾಣಿಕ, ಒಟ್ಟು ಅರವತ್ತು ಮಂದಿ.

ಪ್ರೊಫೆಸರು ಪಟ್ಟಿಯ ಮೇಲೆ ಬೆರಳಾಡಿಸಿ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, "ಹೌದಾ?" ಎಂದಿದ್ದರು. ಅಷ್ಟೇ. ಆ ಎರಡಕ್ಷರ ಕೇಳಿದ ವಿದ್ಯಾರ್ಥಿ ಅಲ್ಲಿಯವರೆಗೆ ಉದ್ಧಾರವಾದ ದಾಖಲೆ ಇರಲಿಲ್ಲ. ಆಮೇಲೆ ಹೇಳಿದರು: "ಇನ್ನೊಂದೇ ಅವಕಾಶ. ಈ ಸಲವೂ ಸುಳ್ಳು ಅಂಕಿ ತಂದರೆ ಪದವಿ ಪಟ್ಟಿಯಿಂದ ಹೆಸರು ಹೋಗುತ್ತೆ. ನಾನು ವಿಚಾರಿಸ್ತೀನಿ. ಬಂದು ನೋಡ್ತೀನಿ."

ಅಂದು ಸಂಜೆ ಗಿರಣಿಯ ಬಾಗಿಲಲ್ಲಿ ಚೀಲಗಳ ಸಾಲನ್ನು ಕಂಡಾಗ ಗಡಿಬಿಡಿಗೆ ತನ್ನ ಹಣೆಯನ್ನು ತಾನೇ ಚಚ್ಚಿಕೊಳ್ಳುವಂತಾಯಿತು. ಬೆಣ್ಣೆಯನ್ನು ಮಡಿಲಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತಲ್ಲ!

ಪ್ರೊಫೆಸರಿಗೆ ಗಿರಣಿಯ ವಿಳಾಸ ಬರೆದುಕೊಟ್ಟು, ಮೊದಲ ಶನಿವಾರ ತಕ್ಕಡಿಯ ಪಕ್ಕ ಸ್ಟೂಲು ಹಾಕಿ, ಗೋಡೆಯ ಗಡಿಯಾರ ನೋಡಿ ನೋಡಿ ಬರೆದಳು. ಅಂದು ದೊಡ್ಡಮ್ಮನಿಗೆ ಹೇಳಿ, ಬಂದವರನ್ನು ಬಂದ ಕ್ರಮದಲ್ಲೇ ಬಿಡಿಸಿದ್ದಳು. ಲೆಕ್ಕ ಹಾಕಿದರೆ ಒಬ್ಬೊಬ್ಬರು ಕಾದದ್ದು ಸರಾಸರಿ ನಲವತ್ತೇಳು ನಿಮಿಷ.

"ನೋಡಿದ್ಯಾ ದೊಡ್ಡಮ್ಮ? ಮೂರು ಕಿಲೋ ತಂದೋಳು ಮೂವತ್ತು ಕಿಲೋ ತಂದೋನ ಹಿಂದೆ ಕೂತು ಒಣಗ್ತಾಳೆ. ಪುಸ್ತಕದಲ್ಲಿ ಇದಕ್ಕೆ ಉಪಾಯ ಇದೆ. ಚಿಕ್ಕ ಕೆಲಸ ಮೊದಲು. ಯಾರದು ಕಡಿಮೆ ತೂಕವೋ ಅವರನ್ನ ಮುಂದೆ ಬಿಡೋದು. ಬರೋ ಶನಿವಾರ ಒಂದಿನ ನನ್ನ ಮಾತಿನಂತೆ ನಡೆಸು."

"ಮೂವತ್ತು ವರ್ಷದಿಂದ ಕಲ್ಲು ತಿರುಗಿಸ್ತಿದ್ದೀನಿ, ಈಗ ಪುಸ್ತಕ ನನಗೆ ಬೀಸೋದು ಕಲಿಸುತ್ತಾ?" ಎಂದಳು ದೊಡ್ಡಮ್ಮ. ಆದರೆ ತಂಗಿಯ ಮಗಳ ಮುಖ ನೋಡಿ, "ಹಾಳಾಗಿ ಹೋಗು, ಒಂದೇ ದಿನ" ಎಂದು ಒಪ್ಪಿದಳು.

ಎರಡನೆಯ ಶನಿವಾರ ಬಾಗಿಲಲ್ಲಿ ರಟ್ಟು ತೂಗುಬಿತ್ತು: ಚಿಕ್ಕ ಚೀಲ ಮೊದಲು. ಒಂಬತ್ತೂವರೆಗೆ ಒಬ್ಬ ಮನುಷ್ಯ ಇಪ್ಪತ್ತು ಕಿಲೋ ಗೋಧಿಯ ಚೀಲವನ್ನು ಹೆಗಲಿನಿಂದ ಧೊಪ್ಪನೆ ಇಳಿಸಿದ. ಹಣೆಯವರೆಗೆ ಎಳೆದ ಟೋಪಿ, ಯಾರದೋ ಅಳತೆಯ ಕೋಟು. ರಟ್ಟನ್ನು ಓದಿ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, "ಹೌದಾ?" ಎಂದ.

ಗಡಿಬಿಡಿಯ ಪೆನ್ನು ನಿಂತಿತು. ಪ್ರೊಫೆಸರು!

ಅವಳಿಗೆ ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು. ಎದ್ದು ನಮಸ್ಕಾರ ಹೇಳಿ ಚೀಲವನ್ನು ಮುಂದೆ ತಳ್ಳಿದರೆ ಅದು ದಾಕ್ಷಿಣ್ಯ. ಇಡೀ ದಿನದ ಪಟ್ಟಿ ಸುಳ್ಳಾಗುತ್ತದೆ, ಅದೂ ಅವರ ಕಣ್ಣೆದುರಿಗೇ. ತಳ್ಳದಿದ್ದರೆ, ಶನಿವಾರದ ಗಿರಾಕಿಗಳನ್ನು ಬಲ್ಲ ಅವಳಿಗೆ ಗೊತ್ತಿತ್ತು, ಇಪ್ಪತ್ತು ಕಿಲೋ ಇವತ್ತು ಕಲ್ಲು ಕಾಣುವುದು ಕಷ್ಟ. ಒಂದು ಕ್ಷಣ ಹೆದರಿದಳು. ಮರುಕ್ಷಣ ಹೊಟ್ಟೆಯೊಳಗೆಲ್ಲೋ ಒಂದು ನಗೆ ಕಚಗುಳಿ ಇಟ್ಟಿತು. ಗುರುತು ಸಿಕ್ಕಿಲ್ಲವೆಂದು ಅವರು ಅಂದುಕೊಂಡಿದ್ದರೆ ಸಿಕ್ಕಿತೆಂದು ಹೇಳಲು ಇವಳ್ಯಾರು?

"ಇಪ್ಪತ್ತು ಕಿಲೋ, ಗೋಧಿ. ಅಲ್ಲಿ ಗೋಡೆ ಪಕ್ಕ ಕೂತಿರಿ. ಕರೀತೀನಿ" ಎಂದು ಮುಖವೆತ್ತದೆ ಬರೆದುಕೊಂಡಳು.

ಪ್ರೊಫೆಸರು ಕೂತರು. ಮೂರು ಕಿಲೋದವಳು ಬಂದಳು, ಹೋದಳು. ಐದು ಕಿಲೋದವನು ಬಂದ, ಹೋದ. ನಾಲ್ಕು ಕಿಲೋ ಜೋಳ ಹಿಡಿದ ತೋಟಗಾರ ಬಂದು, ರಟ್ಟು ನೋಡಿ, ಕೂತಿದ್ದ ಪ್ರೊಫೆಸರನ್ನೂ ನೋಡಿ, ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿ ಮುಂದೆ ನಡೆದ. ಹತ್ತೂವರೆಗೆ ಕಲ್ಲು ಖಾಲಿಯಾಗುವ ಹಾಗೆ ಕಂಡು ಪ್ರೊಫೆಸರು ಅರ್ಧ ಎದ್ದರು. ಅಷ್ಟರಲ್ಲಿ ಮೂಲೆಮನೆ ಅಜ್ಜಿಯ ಹಿರಿಸೊಸೆ ಎರಡು ಕಿಲೋ ಚೀಲ ಹಿಡಿದು ಒಳಗೆ ಕಾಲಿಟ್ಟಳು. ಅವರು ಮತ್ತೆ ಅರ್ಧ ಕೂತರು. ಅವಳ ಹಿಂದೆಯೇ ನಡುಸೊಸೆ ಮೂರು ಕಿಲೋ ತಂದಳು. ಅವಳ ಹಿಂದೆ ಕಿರಿಸೊಸೆ, ಅವಳ ಹಿಂದೆ ಖುದ್ದು ಅಜ್ಜಿ. ಆಮೇಲೆ ಮತ್ತೆ ಹಿರಿಸೊಸೆ.

"ಏನ್ ಯಜಮಾನ್ರೇ, ಮನೇಲಿ ಹೇಳಿ ಬಂದಿದ್ದೀರಿ ತಾನೇ? ಹುಡುಕ್ಕೊಂಡು ಬಂದಾರು!" ಹಿಟ್ಟು ಸುರಿಯುವ ಬಟ್ಟೆಯ ತೋಳಿಗೆ ಪಟಪಟನೆ ಏಟು ಕೊಡುತ್ತ ದೊಡ್ಡಮ್ಮ ಕೂಗಿದಳು.

"ಪರವಾಗಿಲ್ಲ, ಕಾಯ್ತೀನಿ. ಊರಿಗೆ ಹೊಸಬ" ಎಂದರು ಪ್ರೊಫೆಸರು.

"ಕಾಯಿರಿ ಕಾಯಿರಿ. ತಾಳಿದವನು ಬಾಳಿಯಾನು ಅಂತಾರೆ. ಎಲ್ಲಿ, ಯಾವಾಗ ಅಂತ ಮಾತ್ರ ಹೇಳಿಲ್ಲ!"

ಕೂತವರೆಲ್ಲ ನಕ್ಕರು. ಗಡಿಬಿಡಿ ಮಾತ್ರ ಪುಸ್ತಕದಲ್ಲಿ ಮುಖ ಹುದುಗಿಸಿ ಭುಜ ಕುಲುಕಿಸಿದಳು.

ಮಧ್ಯಾಹ್ನದ ಊಟಕ್ಕೆ ಕಲ್ಲು ನಿಂತಾಗ ದೊಡ್ಡಮ್ಮ ಅವಳನ್ನು ಹಿಂದಿನ ಕೋಣೆಗೆ ಕರೆದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೇ ಇದು ನಿನ್ನ ಪುಸ್ತಕದ ಉಪಾಯ? ಜೋಳ ಆದ್ಮೇಲೆ ಗೋಧಿ, ಗೋಧಿ ಆದ್ಮೇಲೆ ಜೋಳ. ನಾನು ದಿನಾ ಒಂದೇ ಥರದ ಕಾಳೆಲ್ಲ ಒಟ್ಟಿಗೆ ಬೀಸ್ತೀನಿ. ಇವತ್ತು ಎರಡೆರಡು ಕಿಲೋಗೂ ಕಲ್ಲು ಗುಡಿಸಿ ಗುಡಿಸಿ ತೋಳು ಬಿದ್ದುಹೋಯ್ತು. ಹೋಗಲಿ, ಆ ಮೂಲೆಮನೆ ಅಜ್ಜಿನ ಎಷ್ಟು ಗಿರಾಕಿ ಅಂತ ಬರೆದಿದ್ದೀಯ?"

"ಎಂಟು."

"ಎಂಟು ಗಿರಾಕಿಯಲ್ಲ ಕಣೇ ಪೆದ್ದಿ, ಒಂದು ಚೀಲ! ಇಪ್ಪತ್ತೆರಡು ಕಿಲೋ. ನಿನ್ನ ರಟ್ಟು ನೋಡಿದ್ದೇ ಬೇಲಿ ಹತ್ರ ಕೂತು ಎಂಟು ಗಂಟು ಮಾಡಿದ್ದಾಳೆ. ನೀನು ಚಾಪೆ ಕೆಳಗೆ ತೂರಿದ್ರೆ ಆ ಮುದುಕಿ ರಂಗೋಲಿ ಕೆಳಗೆ ತೂರ್ತಾಳೆ."

ಗಡಿಬಿಡಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ಪುಸ್ತಕ ತೆರೆದು ಆ ಎಂಟು ಸಾಲುಗಳ ಪಕ್ಕ ಒಂದು ಆವರಣ ಎಳೆದು, "ಒಂದೇ ಮನೆಯ ಒಂದೇ ಚೀಲ, ಒಡೆದು ತಂದದ್ದು" ಎಂದು ಬರೆದಳು. ಬರೆಯುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಅಷ್ಟು ಚೆಂದದ ಪಟ್ಟಿ. ಬಾಗಿಲ ಸಂದಿಯಿಂದ ಇಣುಕಿದರೆ ಪ್ರೊಫೆಸರು ತಮ್ಮ ಚೀಲದ ಮೇಲೆಯೇ ಕೂತು, ಪಕ್ಕದವರು ಕೊಟ್ಟ ಬಾಳೆಹಣ್ಣು ಸುಲಿಯುತ್ತಿದ್ದರು.

ಮಧ್ಯಾಹ್ನದ ನಂತರ ಊರಿಗೇ ವಿದ್ಯೆ ಹಬ್ಬಿತು. ಹತ್ತು ಕಿಲೋ ಹೊತ್ತು ಬಂದವರು ಬಾಗಿಲಲ್ಲೇ ರಟ್ಟು ಓದಿ ಹೊರಗೆ ಹೋಗಿ ಮೂರು ಗಂಟಾಗಿ ಬರುತ್ತಿದ್ದರು. ಬೇಲಿಯ ಪಕ್ಕ ಚೀಲ ಒಡೆಯುವವರ ಇನ್ನೊಂದು ಸಾಲೇ ಹುಟ್ಟಿಕೊಂಡಿತು. ಗಡಿಬಿಡಿ ಪ್ರತಿಯೊಬ್ಬರನ್ನೂ ಕೇಳಿ ಕೇಳಿ ಆವರಣ ಎಳೆದಳು. ಪ್ರೊಫೆಸರ ಚೀಲ ಇದ್ದಲ್ಲೇ ಇತ್ತು. ಅವರ ಟೋಪಿ, ಕೋಟು, ಹುಬ್ಬು ಎಲ್ಲದರ ಮೇಲೂ ಬೇರೆಯವರ ಹಿಟ್ಟು ಕೂತು ವಯಸ್ಸು ಹತ್ತು ವರ್ಷ ಮುಂದಕ್ಕೆ ಹೋದಂತಿತ್ತು.

ನಾಲ್ಕು ಗಂಟೆಗೆ ಮೂಲೆಮನೆ ಅಜ್ಜಿ ಮರೆತ ಡಬ್ಬ ಒಯ್ಯಲು ಬಂದವಳು ಅವರನ್ನು ನೋಡಿ ಕೆನ್ನೆಗೆ ಕೈ ಹಚ್ಚಿದಳು.

"ಅಯ್ಯೋ ನನ್ನಪ್ಪಾ, ಇನ್ನೂ ಇಲ್ಲೇ ಇದ್ದೀಯಾ? ಅಲ್ಲ, ನೋಡಿದ್ರೆ ಓದಿದೋನ ಥರ ಕಾಣ್ತೀಯ, ಇಷ್ಟೂ ತಿಳಿಯಲ್ವಾ? ತಗೋ, ನನ್ನ ಹತ್ರ ಐದು ಖಾಲಿ ಚೀಲ ಇದೆ. ನಾಲ್ಕು ನಾಲ್ಕು ಕಿಲೋ ಮಾಡು."

"ಅದು ಮೋಸ ಅಲ್ವಾ ಅಜ್ಜಿ?"

"ಮೋಸ ಏನು ಬಂತು? ಗೋಧಿ ನಿಂದು, ಚೀಲ ನಂದು. ಆರಕ್ಕೆ ಕಲ್ಲು ನಿಲ್ಲುತ್ತೆ. ಆಮೇಲೆ ಸತ್ಯವಂತನಾಗಿ ಹೊತ್ಕೊಂಡು ಹೋಗು ಮನೆಗೆ."

ಪ್ರೊಫೆಸರು ಗಡಿಯಾರ ನೋಡಿದರು. ಚೀಲ ನೋಡಿದರು. ತಮ್ಮ ಹೆಗಲನ್ನು ಮುಟ್ಟಿ ನೋಡಿಕೊಂಡರು. ಸ್ವಲ್ಪ ಹೊತ್ತು ಅತ್ತಿತ್ತ ಸುಳಿದಾಡಿ, ಕೊನೆಗೆ ಗಡಿಬಿಡಿ ತಕ್ಕಡಿಯ ಕಡೆ ತಿರುಗಿದ ಸಮಯ ನೋಡಿ, ಚೀಲವನ್ನು ಎಳೆದುಕೊಂಡು ಬೇಲಿಯ ಕಡೆ ಜಾರಿದರು.

ನಾಲ್ಕೂವರೆಗೆ ತಕ್ಕಡಿಯ ಮುಂದೆ ಐದು ಪುಟ್ಟ ಚೀಲಗಳು ಬಂದು ಕೂತವು. ಹಿಂದೆ ಪ್ರೊಫೆಸರು, ಬೇರೆ ಕಡೆ ಮುಖ ಮಾಡಿ ನಿಂತಿದ್ದರು.

ಗಡಿಬಿಡಿಯ ಎದುರು ಪಟ್ಟಿ ತೆರೆದಿತ್ತು. ಅಲ್ಲಿಯವರೆಗೆ ಬೀಸಿ ಮುಗಿದ ಚೀಲ ನಲವತ್ತು, ಕಾದ ಸರಾಸರಿ ಹನ್ನೆರಡೇ ನಿಮಿಷ. ನಲವತ್ತೇಳೆಲ್ಲಿ, ಹನ್ನೆರಡೆಲ್ಲಿ! ಬೆಳಗಿನ ಇಪ್ಪತ್ತು ಕಿಲೋ ಚೀಲದ ಸರದಿಯೇ ಬಂದಿರಲಿಲ್ಲವಾದ್ದರಿಂದ ಅದು ಸರಾಸರಿಯಲ್ಲೇ ಇರಲಿಲ್ಲ. ಈಗ ಆ ಸಾಲನ್ನು ಹೊಡೆದುಹಾಕಿ ಐದು ಹೊಸ ಗಿರಾಕಿಗಳನ್ನು ಬರೆದರೆ ಮುಗಿಯಿತು. ಏಳು ಗಂಟೆಗಳು ಹೇಳಹೆಸರಿಲ್ಲದೆ ಹೋಗುತ್ತವೆ, ಪಟ್ಟಿ ಬಂಗಾರದಂತಿರುತ್ತದೆ. ಆ ಸಾಲು ಪಟ್ಟಿಯಲ್ಲಿದೆ ಎಂದು ಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಅವರಲ್ಲೊಬ್ಬರು ಚೀಲ ಒಡೆದ ಕಳ್ಳ, ತಾವಾಗಿ ಬಾಯಿ ಬಿಡಲಾರರು.

ಆದರೆ ಬರೆಯುವ ಪೆನ್ನು ಅವಳ ಕೈಯಲ್ಲಿತ್ತು.

"ಈ ಐದೂ ಒಬ್ಬರದೋ, ಐದು ಜನರದೋ?" ಎಂದು ಕೇಳಿದಳು.

ಪ್ರೊಫೆಸರು ಕೆಮ್ಮಿದರು. "ಒಬ್ಬರದೇ."

ಗಡಿಬಿಡಿ ನಿಧಾನವಾಗಿ, ಅವರಿಗೆ ಕಾಣುವಂತೆ ಬರೆದಳು: ಇಪ್ಪತ್ತು ಕಿಲೋ. ಬಂದದ್ದು ಒಂಬತ್ತೂವರೆ. ಹಿಟ್ಟಾಗದೆ ವಾಪಸು ಪಡೆದದ್ದು ನಾಲ್ಕೂವರೆ. ಕಾದದ್ದು ಏಳು ಗಂಟೆ. ಆಮೇಲೆ ಐದಾಗಿ ಒಡೆದು ತರಲಾಯಿತು.

"ಆ ಸಾಲು ಇರಲೇಬೇಕಾ?" ಪ್ರೊಫೆಸರ ದನಿ ಮೆತ್ತಗಿತ್ತು, ಕಲ್ಲಿನ ಸದ್ದಿನಲ್ಲಿ ತುಟಿ ನೋಡಿ ಓದಬೇಕಾಯಿತು.

"ಇಲ್ಲದಿದ್ರೆ ಸುಳ್ಳು ಅಂಕಿ ಆಗುತ್ತೆ, ಸರ್."

ಸರ್ ಎಂಬುದನ್ನು ಕೇಳಿದ್ದೇ ಪ್ರೊಫೆಸರ ಕೈ ತಾನಾಗಿ ಟೋಪಿಗೆ ಹೋಯಿತು. ಟೋಪಿ ತೆಗೆದರೆ ಅದರ ಅಂಚಿನವರೆಗೆ ಬಿಳಿ ಮುಖ, ಮೇಲೆ ಕಪ್ಪು ತಲೆ.

"ಯಾವಾಗಿನಿಂದ ಗೊತ್ತು?"

"ಒಂಬತ್ತೂವರೆಯಿಂದ."

ಪ್ರೊಫೆಸರು ಕನ್ನಡಕ ಒರೆಸಲು ಅಂಗಿಯ ತುದಿ ಹುಡುಕಿದರು. ಅಲ್ಲೂ ಹಿಟ್ಟೇ. ಹಾಗೇ ಹಾಕಿಕೊಂಡು ಪುಸ್ತಕದ ಮೇಲೆ ಬಗ್ಗಿ, "ನನ್ನನ್ನೂ ಸೇರಿಸಿದರೆ ಸರಾಸರಿ ಎಷ್ಟಾಗುತ್ತೆ?" ಎಂದರು.

ಗಡಿಬಿಡಿ ಲೆಕ್ಕ ಹಾಕಿದಳು. "ಇಪ್ಪತ್ತೆರಡು ನಿಮಿಷ, ಸರ್. ಹತ್ತು ಜಾಸ್ತಿ. ಆದ್ರೂ ಹೋದ ವಾರಕ್ಕಿಂತ ವಾಸಿ."

"ಅಂದರೆ ನನ್ನ ಏಳು ಗಂಟೆ ಬರೀ ಹತ್ತು ನಿಮಿಷ ಆಯ್ತು!" ಪ್ರೊಫೆಸರು ಸೊಂಟ ಹಿಡಿದುಕೊಂಡು ನೆಟ್ಟಗಾದರು. "ಇಪ್ಪತ್ತು ವರ್ಷದಿಂದ ಇದನ್ನ ಪಾಠ ಮಾಡ್ತಿದ್ದೀನಿ. ದೊಡ್ಡ ಕೆಲಸ ಉಪವಾಸ ಬೀಳಬಹುದು ಅಂತ ಹಲಗೆ ಮೇಲೆ ಒಂದೇ ಸಾಲಲ್ಲಿ ಬರೆದು ಒರೆಸಿಬಿಡ್ತೀನಿ. ಸರಿ, ಇದು ನಿನ್ನ ಕೊನೇ ಪ್ರಶ್ನೆ. ಚಿಕ್ಕದು ಮೊದಲು ಅನ್ನೋ ನಿಯಮವೂ ಇರಬೇಕು, ನನ್ನಂಥವನಿಗೂ ಸರದಿ ಬರಬೇಕು. ಏನು ಮಾಡ್ತೀಯ?"

ಗಡಿಬಿಡಿ ಬಾಯಿ ತೆರೆದಳು. ಉತ್ತರ ಪುಸ್ತಕದ ಯಾವುದೋ ಪುಟದಲ್ಲಿ ಇತ್ತು. ಓಡುವ ಭರದಲ್ಲಿ ಅವಳು ಹಾರಿಸಿದ ಪುಟದಲ್ಲಿ.

ಅಷ್ಟರಲ್ಲಿ ಆ ಐದು ಚೀಲಗಳಲ್ಲಿ ಮೊದಲನೆಯದನ್ನು ಎತ್ತಲು ಬಂದ ದೊಡ್ಡಮ್ಮ ನಡುವೆ ಬಾಯಿ ಹಾಕಿದಳು. "ಅದಕ್ಕೇನು ಮಹಾ? ಒಂದೊಂದು ಗಂಟೆ ಕಾದ ಚೀಲನ ಒಂದೊಂದು ಗೇಣು ಮುಂದಕ್ಕೆ ತಳ್ತಿದ್ರೆ ಆಯ್ತು. ಕೂತಲ್ಲೇ ಅದರ ಸರದಿ ಬೆಳೀತಾ ಬರುತ್ತೆ. ಆಮೇಲೆ ಎಂಥಾ ಚಿಕ್ಕ ಚೀಲ ಬಂದ್ರೂ ಅದನ್ನ ದಾಟೋಕಾಗಲ್ಲ. ನಾನು ದಿನಾ ಮಾಡೋದೇ ಅದು. ಇವತ್ತು ಇವಳು ಮುಟ್ಟಬೇಡ ಅಂದ್ಳು, ಮುಟ್ಟಲಿಲ್ಲ."

ಪ್ರೊಫೆಸರು ದೊಡ್ಡಮ್ಮನನ್ನು, ಗಡಿಬಿಡಿಯನ್ನು, ಮತ್ತೆ ಚೀಲ ಎತ್ತಿಕೊಂಡು ಆಗಲೇ ಕಲ್ಲಿನ ಸದ್ದಿನೊಳಗೆ ಹೊರಟುಹೋದ ದೊಡ್ಡಮ್ಮನನ್ನು ನೋಡಿದರು.

"ಪುಸ್ತಕದಲ್ಲಿ ಹನ್ನೆರಡು ಪುಟ ಇದೆ ಅದು" ಎಂದರು. "ನೋಡಮ್ಮ, ಬರೋ ಶನಿವಾರ ಆ ನಿಯಮದಲ್ಲಿ ನಡೆಸಿ ಮೂರನೇ ಪಟ್ಟಿ ಬರಿ. ಸೋಮವಾರ ತಂದುಕೊಡು. ಈ ಎರಡು ಪಟ್ಟಿಗೇ ನೀನು ಪಾಸು. ಮೂರನೆಯದು ನನಗೆ ಬೇಕು, ಅದಕ್ಕೆ." ಆಮೇಲೆ ಪೆನ್ನು ಇಸಿದುಕೊಂಡು, ಏಳು ಗಂಟೆಯ ಆ ಸಾಲಿನ ಪಕ್ಕ, ಹಿಟ್ಟಿನ ಬೆರಳಚ್ಚಿನೊಂದಿಗೆ ರುಜು ಹಾಕಿದರು.

ಐದೂವರೆಗೆ ಅವರ ಐದನೆಯ ಚೀಲ ಹಿಟ್ಟಾಯಿತು. ಹೊತ್ತುಕೊಂಡು ರಸ್ತೆಗಿಳಿದ ಅವರನ್ನು ಬಾಗಿಲವರೆಗೆ ಕಳಿಸಿ ಗಡಿಬಿಡಿ ಕೈಮುಗಿದದ್ದನ್ನು ದೊಡ್ಡಮ್ಮ ವಿಚಿತ್ರವಾಗಿ ನೋಡಿದಳು.

"ಯಾರೇ ಅದು? ಚೀಲದೋನಿಗೆಲ್ಲ ಕೈಮುಗೀತಿದ್ದೀಯ?"

"ನಮ್ಮ ಪ್ರೊಫೆಸರು, ದೊಡ್ಡಮ್ಮ. ನನ್ನನ್ನ ಎರಡು ಸಲ ಫೇಲ್ ಮಾಡಿದೋರು. ಈಗ ಪಾಸ್ ಮಾಡಿದ್ರಲ್ಲ, ಅವರೇ."

ದೊಡ್ಡಮ್ಮನ ಕೈಯಲ್ಲಿದ್ದ ಪೊರಕೆ ಜಾರಿತು. "ಅಯ್ಯಯ್ಯೋ, ನಿನ್ನ ಮೇಷ್ಟ್ರೇನೇ ಅವರು! ಬೆಳಗಿನಿಂದ ಬಾಯಿಗೆ ಬಂದ ಹಾಗೆ ಆಡಿಕೊಂಡ್ನಲ್ಲೇ! ಮೊದಲೇ ಹೇಳೋಕೇನಾಗಿತ್ತು ನಿಂಗೆ? ಎಲ್ಲರಿಗಿಂತ ಮುಂಚೆ ಬೀಸಿ ಕೊಟ್ಟು ಕಳಿಸ್ತಿದ್ನಲ್ಲೇ!"

"ಅದಕ್ಕೇ ಹೇಳಲಿಲ್ಲ" ಎಂದಳು ಗಡಿಬಿಡಿ.