ಉಬ್ಬಿದ ಆಧಾರವರ್ಷ

ಒಂದೇ ಮನೆಯ ಸೊಸೆಯರಿಬ್ಬರು ಒಂದೇ ಕಚೇರಿಗೆ ಹೋಗಬಾರದು ಎಂದು ಅತ್ತೆ ಬಡಕೊಂಡಿದ್ದರು; ಯಾರು ಕಿವಿಗೆ ಹಾಕಿಕೊಂಡರು? ಕಾರ್ಖಾನೆಗಳು ಬಿಡುವ ಹಸಿರುಮನೆ ಅನಿಲಗಳ ಲೆಕ್ಕ ಹಾಕುವವಳು ದೊಡ್ಡ ಸೊಸೆ. ಆ ಲೆಕ್ಕವನ್ನು ಪರಿಶೀಲಿಸಿ ಸಹಿ ಹಾಕುವವಳು ಅವಳ ಓರಗಿತ್ತಿ, ಚಿಕ್ಕವಳು. ಮನೆಯಲ್ಲಿ ಸಾರಿನ ಉಪ್ಪು ನೋಡುವುದು ಮಾತ್ರ ದೊಡ್ಡವಳೇ.

ಆ ಸೋಮವಾರ ಕರಡು ವರದಿ ತಿರುವುತ್ತಿದ್ದ ಚಿಕ್ಕವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅನಿಲಗಳನ್ನು ಕಾಲುಭಾಗ ಇಳಿಸುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು. ಎಷ್ಟು ಇಳಿಯಿತೆಂದು ನೋಡುವುದು ಹದಿನೈದು ವರ್ಷ ಹಿಂದಿನ ಆಧಾರವರ್ಷಕ್ಕೆ ಹೋಲಿಸಿ. ಆ ವರ್ಷದ ಸುಣ್ಣದ ಗೂಡುಗಳ ಅಂಕಿ ಸದ್ದಿಲ್ಲದೆ ಮೇಲೇರಿ ಕೂತಿತ್ತು! ಹಳೆಯ ಫೋಟೋದಲ್ಲಿ ಹೊಟ್ಟೆ ಉಬ್ಬಿಸಿದರೆ ಈಗ ತೆಳ್ಳಗಾದ ಹಾಗೆ ಕಾಣುತ್ತದಲ್ಲ, ಹಾಗೆ. ಕಾರಣದ ಅಂಕಣದಲ್ಲಿ ಎರಡೇ ಪದ: ಹಳೆಯ ತಪ್ಪು.

"ಅಕ್ಕಾ, ಇದೇನಿದು? ಯಾರ ತಪ್ಪು?"

"ಸರಿಯಾಗೇ ಇದೆ. ಎಲ್ಲದಕ್ಕೂ ಮೂಗು ತೂರಿಸಬೇಡ ಕಣೆ, ಸಹಿ ಹಾಕು."

ಅಲ್ಲಿಗೆ ಚಿಕ್ಕವಳ ತಲೆಗೆ ಹುಳ ಹೊಕ್ಕಿತು. ಮುಂದಿನ ತಿಂಗಳು ನಿರ್ದೇಶಕರ ಕುರ್ಚಿ ಖಾಲಿಯಾಗಲಿತ್ತು. ದೊಡ್ಡವಳಿಗೆ ಮಂತ್ರಿಗಳ ಕಾರ್ಯದರ್ಶಿಯಿಂದ ದಿನಕ್ಕೆರಡು ಫೋನು. ಮನೆಯಲ್ಲಿ ಇವಳು ಕೋಣೆಗೆ ಕಾಲಿಟ್ಟರೆ ಸಾಕು, ಅವಳು ಲ್ಯಾಪ್‌ಟಾಪ್ ಪಟ್ಟನೆ ಮುಚ್ಚುವಳು. ಹಾಳಾದವಳು, ಕದಿಯುವುದೇ ಆದರೆ ಸರಿಯಾಗಿ ಕದಿಯಲೂ ಬರದೇ!

"ಅತ್ತಿಗೆ ಅಂಥೋರಲ್ಲ ಬಿಡೇ," ಎಂದ ಗಂಡ.

"ಗೊತ್ತು, ನಿಮಗೆ ಅತ್ತಿಗೆ ಅಂದ್ರೆ ದೇವರು," ಎಂದು ಮುಸುಡಿ ತಿರುಗಿಸಿದಳು.

ಬುಧವಾರ, ಕಚೇರಿಯ ವರದಿಗಳನ್ನು ಕೊನೆಗೆ ಒರೆಗೆ ಹಚ್ಚುವ ಹೊರಗಿನ ತಜ್ಞರ ಸಮಿತಿಗೆ ಹೆಸರಿಲ್ಲದ ಕಾಗದವೊಂದು ಹೋಯಿತು. ಆಧಾರವರ್ಷವನ್ನು ಬೇಕೆಂದೇ ಉಬ್ಬಿಸಿದ್ದಾರೆ, ಮಾಡಿದವಳು ಇಂಥವಳು, ವಿಚಾರಿಸಿ ಎಂದು. ಬರೆದವಳು ಚಿಕ್ಕವಳೇ. ಗುರುವಾರ, ಗಟ್ಟಿ ಸಾಕ್ಷಿ ಇರಲೆಂದು, ದಾಖಲೆ ಕೋಣೆಗೆ ಹೋಗಿ ಆ ವರ್ಷದ ಕಡತ ಎಳೆದಳು.

ಗೂಡುಗಳಲ್ಲಿ ಉರಿದ ಕಲ್ಲಿದ್ದಲಿನ ಹಾಳೆ ಅದು. ಇಂಗಾಲದ ತೂಕ ಬರೆದು ಹಾಗೇ ಬಿಟ್ಟಿದ್ದರು. ಉರಿದಾಗ ಅದಕ್ಕೆ ಆಮ್ಲಜನಕ ಸೇರಿ, ಹೊರಬೀಳುವ ಅನಿಲದ ತೂಕ ಮೂರೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಆ ಗುಣಾಕಾರವೇ ಮಾಯ. ಅಂದರೆ ದೊಡ್ಡವಳ ಹೊಸ ಅಂಕಿಯೇ ಸರಿ.

"ಯಾವ ದಡ್ಡ ಶಿಖಾಮಣಿ ಮಾಡಿದ್ದು ಇದನ್ನ?" ಎಂದು ಗೊಣಗುತ್ತ ಕೆಳಗಿನ ಸಹಿ ನೋಡಿದಳು. ಅವಳದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿನದು.

ಗಾಜಿನ ಬಾಗಿಲಾಚೆ ಸಮಿತಿಯವರು ಮೂವರು ದೊಡ್ಡವಳನ್ನು ಸಭೆಯ ಕೋಣೆಗೆ ಕರೆದೊಯ್ಯುತ್ತಿದ್ದರು. ಕಡತವನ್ನು ಕಪಾಟಿಗೆ ತುರುಕಿದರೆ ಯಾರಿಗೂ ತಿಳಿಯುವುದಿಲ್ಲ. ಸುಳ್ಳೇಕೆ, ಆ ಯೋಚನೆಯೂ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಕಡತ ಅವುಚಿಕೊಂಡು ಅವರ ಹಿಂದೆಯೇ ನುಗ್ಗಿದಳು.

"ಈ ಹಳೆಯ ತಪ್ಪು ಯಾರದು ಅಂತ ಹೇಳಿಬಿಡಿ, ನಿಮ್ಮ ಕೆಲಸ ಉಳಿಯುತ್ತೆ," ಎನ್ನುತ್ತಿದ್ದರು ಅಧ್ಯಕ್ಷರು.

"ಕಚೇರಿಯದು," ಎಂದಳು ದೊಡ್ಡವಳು.

"ನಂದು," ಎಂದು ಚಿಕ್ಕವಳು ಕಡತವನ್ನು ಮೇಜಿನ ಮೇಲಿಟ್ಟಳು.

ಸಮಿತಿಯ ಮೂವರೂ ಕೂಡಿ ಗುಣಿಸಿ ನೋಡಿ, ಲೆಕ್ಕ ಸರಿಯಿದೆ ಎಂದು ಇಬ್ಬರನ್ನೂ ಕಳಿಸಿಕೊಟ್ಟರು.

"ನನ್ನ ಹೆಸರು ಯಾಕಕ್ಕಾ ಬರೀಲಿಲ್ಲ?" ಹೊರಗೆ ಬರುತ್ತಲೇ ಚಿಕ್ಕವಳಿಗೆ ಅಳು ಬಂತು.

"ಆಗಿನ್ನೂ ಎಳೇ ಹುಡುಗಿ, ಹೋಗ್ಲಿ ಅನ್ನಿಸ್ತು. ನಿಂಗೂ ಗೊತ್ತಾಗೋದು ಬೇಡ ಅಂತ ಮುಚ್ಚಿಟ್ಟೆ." ದೊಡ್ಡವಳು ನಾಲ್ಕು ಹೆಜ್ಜೆ ನಡೆದು ನಿಂತಳು. "ಅಲ್ವೇ, ಒಳಗೆ ಹೋಗಿ ಕೂರೋವರೆಗೂ ಯಾಕೆ ಕರೆದ್ರು ಅಂತ ನಂಗೇ ಗೊತ್ತಿರ್ಲಿಲ್ಲ. ಕಡತ ಹಿಡ್ಕೊಂಡು ಬಂದ್ಯಲ್ಲ, ನಿಂಗೆ ಹೇಗೆ ಗೊತ್ತಾಯ್ತು?"